ರಿಪೋರ್ಟ್ ನಾರ್ಮಲ್, ಹೊಟ್ಟೆನೋವು ಮಾತ್ರ ಹಾಗೇ!

ಕರುಳನ್ನು ಕತ್ತರಿಸಿದರೆ ನೋವಾಗುವುದಿಲ್ಲ. ನಂಬುವುದು ಕಷ್ಟ, ಆದರೆ ಶಸ್ತ್ರವೈದ್ಯರಿಗೆ ಇದು ನೂರು ವರ್ಷಗಳಿಂದಲೂ ಗೊತ್ತಿರುವ ಸಂಗತಿ. ಹೊಟ್ಟೆಯ ಗೋಡೆಯನ್ನಷ್ಟೇ ಮರಗಟ್ಟಿಸಿ, ರೋಗಿ ಎಚ್ಚರವಾಗಿರುವಾಗಲೇ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದ ಕಾಲದಲ್ಲಿ, ಕರುಳಿಗೆ ಕತ್ತರಿ ಹಾಕಿದರೂ ಬಿಸಿ ಮುಟ್ಟಿಸಿದರೂ ರೋಗಿ ಮುಖ ಕಿವುಚುತ್ತಿರಲಿಲ್ಲ. ಇವತ್ತಿಗೂ ಕೊಲೊನೊಸ್ಕೋಪಿ ಮಾಡುವ ವೈದ್ಯರು ದೊಡ್ಡ ಕರುಳಿನ ಒಳಗೋಡೆಯಲ್ಲಿ ಬೆಳೆದ ಸಣ್ಣ ಗಂಟನ್ನು ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆದಾಗ ರೋಗಿಗೆ ಅದು ತಿಳಿಯುವುದೂ ಇಲ್ಲ. ಅದೇ ವೈದ್ಯರು ದಾರಿ ಕಾಣಲೆಂದು ಕರುಳಿಗೆ ಒಂದಿಷ್ಟು ಗಾಳಿ ತುಂಬಿದರೆ, ‘ಅಯ್ಯೋ, ಸಾಕು ಡಾಕ್ಟ್ರೇ’ ಎಂಬ ಮಾತು ಬರುತ್ತದೆ.

ಅಂದರೆ ಚರ್ಮದಂತೆ ಕರುಳಿಗೆ ಚೂರಿಯ ಭಯವಿಲ್ಲ. ಅದಕ್ಕೆ ಗೊತ್ತಾಗುವುದು ಹಿಗ್ಗುವುದು, ಎಳೆತ, ಬಿಗಿಯಾದ ಹಿಂಡು, ರಕ್ತ ಸಾಲದಿರುವುದು, ಉರಿಯೂತ. ಈ ಸುದ್ದಿಗಳನ್ನು ಮೇಲಕ್ಕೆ ಮುಟ್ಟಿಸುವ ನರತಂತುಗಳು ಚರ್ಮದ ನರಗಳಿಗೆ ಹೋಲಿಸಿದರೆ ಬಹಳ ವಿರಳ. ಒಂದೊಂದು ತಂತುವೂ ವಿಶಾಲವಾದ ಪ್ರದೇಶವನ್ನು ನೋಡಿಕೊಳ್ಳಬೇಕು. ಆದ್ದರಿಂದಲೇ ‘ಎಲ್ಲಿ ನೋಯುತ್ತೆ ತೋರಿಸು ಮರಿ’ ಎಂದು ಡಾಕ್ಟರು ಕೇಳಿದರೆ ಮಗು ಬೆರಳಿಟ್ಟು ತೋರಿಸುವುದಿಲ್ಲ. ಅಂಗೈಯನ್ನೇ ಹೊಕ್ಕಳ ಸುತ್ತ ಆಡಿಸುತ್ತದೆ. ಅಪೆಂಡಿಸೈಟಿಸ್ ಕೂಡ ಸಾಮಾನ್ಯವಾಗಿ ಹೊಕ್ಕಳ ಬಳಿ ಮಂದವಾಗಿ ಶುರುವಾಗಿ, ಉರಿಯೂತ ಹೊಟ್ಟೆಯ ಒಳಪದರವನ್ನು ಮುಟ್ಟಿದ ಮೇಲಷ್ಟೇ ಬಲಗಡೆ ಕೆಳಕ್ಕೆ ಇಳಿದು ನಿಲ್ಲುತ್ತದೆ.

ಇಷ್ಟು ಪೀಠಿಕೆ ಏಕೆಂದರೆ, ಅನೇಕ ಮನೆಗಳಲ್ಲಿ ನಡೆಯುವ ಒಂದು ಜಗಳದ ಮೂಲ ಇಲ್ಲಿದೆ. ಹೈಸ್ಕೂಲು ಓದುವ ಮಗಳಿಗೆ ತಿಂಗಳುಗಟ್ಟಲೆ ಹೊಟ್ಟೆನೋವು. ಓಮದ ಕಷಾಯ ಆಯಿತು, ಜಂತುಹುಳುವಿನ ಮಾತ್ರೆ ಆಯಿತು, ಅಜ್ಜಿ ದೃಷ್ಟಿ ತೆಗೆದದ್ದೂ ಆಯಿತು. ರಕ್ತ, ಮೂತ್ರ, ಮಲ ಪರೀಕ್ಷೆ, ಕೊನೆಗೆ ಸ್ಕ್ಯಾನಿಂಗ್. ಎಲ್ಲವೂ ನಾರ್ಮಲ್. ‘ಏನೂ ಇಲ್ಲವಂತೆ, ಸ್ಕೂಲು ತಪ್ಪಿಸಲು ಕಳ್ಳಾಟ’ ಎನ್ನುತ್ತಾರೆ ಅಪ್ಪ. ‘ಏನೋ ಇದ್ದೇ ಇದೆ, ಬೆಂಗಳೂರಿಗೆ ಕರೆದುಕೊಂಡು ಹೋಗಿ ತೋರಿಸೋಣ’ ಎನ್ನುತ್ತಾರೆ ಅಮ್ಮ. ಇಬ್ಬರೂ ವಾದಿಸುತ್ತಿರುವುದು ಒಂದೇ ಲೆಕ್ಕದ ಮೇಲೆ: ನೋವಿದ್ದರೆ ಗಾಯವಿರಬೇಕು, ಗಾಯವಿಲ್ಲದಿದ್ದರೆ ನೋವಿರಬಾರದು. ಆ ಲೆಕ್ಕವೇ ತಪ್ಪು. ಕರುಳಿನಲ್ಲಿ ಗಾಯದ ಖಾತೆ ಬೇರೆ, ನೋವಿನ ಖಾತೆ ಬೇರೆ.

ಬಲೂನಿನ ಸಾಕ್ಷಿ

ಇದನ್ನು ಮೊದಲು ಅಂಕಿಗಳಲ್ಲಿ ತೋರಿಸಿದವರಲ್ಲಿ ಇಂಗ್ಲೆಂಡಿನ ಸಂಶೋಧಕ ರಿಚಿ ಪ್ರಮುಖರು. 1973ರಲ್ಲಿ ಪ್ರಕಟವಾದ ಅವರ ಪ್ರಯೋಗ ಬಹಳ ಸರಳ. ದೊಡ್ಡ ಕರುಳಿನ ಕೊನೆಯ ಭಾಗಕ್ಕೆ ಒಂದು ಪುಟ್ಟ ಬಲೂನನ್ನು ಸೇರಿಸಿ ಅದನ್ನು ಮೆಲ್ಲಗೆ ಊದಿಸುವುದು. ನೋವು ಎಂದ ಕೂಡಲೇ ಅಳತೆ ಬರೆದುಕೊಳ್ಳುವುದು. ಬಲೂನು 60 ಮಿಲಿಲೀಟರಿನಷ್ಟು ಹಿಗ್ಗಿದಾಗ ಆರೋಗ್ಯವಂತರಲ್ಲಿ ನೋವು ಎಂದವರು ನೂರಕ್ಕೆ 6 ಮಂದಿ. ಪರೀಕ್ಷೆಗಳಲ್ಲಿ ಯಾವ ದೋಷವೂ ಕಾಣದೆ ವರ್ಷಗಟ್ಟಲೆ ಹೊಟ್ಟೆನೋವಿನಿಂದ ನರಳುತ್ತಿದ್ದವರಲ್ಲಿ ನೂರಕ್ಕೆ 55. ಬಲೂನು ಒಂದೇ, ಅಳತೆ ಒಂದೇ. ಒಬ್ಬರಿಗೆ ‘ಏನೋ ತುಂಬಿದ ಹಾಗಿದೆ’ ಎನ್ನಿಸುವುದು ಇನ್ನೊಬ್ಬರಿಗೆ ಕರುಳು ಹಿಂಡಿದ ಹಾಗೆ.

ಈ ಎರಡನೆಯ ಗುಂಪಿನವರ ಕಾಯಿಲೆಗೆ ‘ಇರಿಟಬಲ್ ಬೊವೆಲ್ ಸಿಂಡ್ರೋಮ್’, ಚಿಕ್ಕದಾಗಿ ಐಬಿಎಸ್ ಎಂದು ಹೆಸರು. ಕನ್ನಡದಲ್ಲಿ ‘ಕೆರಳುವ ಕರುಳು’ ಎನ್ನಬಹುದು. ‘ರೋಮ್ ಮಾನದಂಡ’ ಎಂದು ಕರೆಯುವ ನಿಯಮಗಳ 2016ರ ಆವೃತ್ತಿಯ ಪ್ರಕಾರ, ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೊಂದು ದಿನವಾದರೂ ಹೊಟ್ಟೆನೋವಿರಬೇಕು. ಅದಕ್ಕೂ ಮಲವಿಸರ್ಜನೆಗೂ, ಅದರ ಸಲ ಹೆಚ್ಚುಕಡಿಮೆಯಾಗುವುದಕ್ಕೂ, ಗಟ್ಟಿ-ನೀರಾಗುವುದಕ್ಕೂ ಸಂಬಂಧ ಕಾಣಬೇಕು. ಭಾರತದ ಉದರರೋಗ ತಜ್ಞರ ಸಂಘ ನಡೆಸಿ 2008ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಸಾಮಾನ್ಯ ಜನರ ಪೈಕಿ ನೂರಕ್ಕೆ 4ಕ್ಕೂ ಸ್ವಲ್ಪ ಹೆಚ್ಚು ಮಂದಿಗೆ ಇಂಥ ಲಕ್ಷಣಗಳಿದ್ದವು. ಇವರೆಲ್ಲರ ಕರುಳೂ ಬಲೂನಿಗೆ ಹಾಗೆ ಕೂಗಿಕೊಳ್ಳುತ್ತದೆಂದಲ್ಲ. ಆದರೆ ದೊಡ್ಡ ಪಾಲಿನವರಲ್ಲಿ ನೋವಿನ ಹೊಸ್ತಿಲು ತಗ್ಗಿರುತ್ತದೆ ಎಂಬುದು ಆಮೇಲಿನ ಅಧ್ಯಯನಗಳಲ್ಲೂ ಮತ್ತೆ ಮತ್ತೆ ಕಂಡಿದೆ.

ಹುಣ್ಣು ಮಾಗಿತು, ನೋವು ಮಾಗಲಿಲ್ಲ

ಐಬಿಎಸ್‌ಗೆ ಹೆಸರಿನಲ್ಲಿ ಮಾತ್ರ ಹತ್ತಿರವಾದ ಇನ್ನೊಂದಿದೆ: ಐಬಿಡಿ, ಅಂದರೆ ಕರುಳಿನ ಉರಿಯೂತದ ಕಾಯಿಲೆ. ಒಂದು ಅಕ್ಷರದ ವ್ಯತ್ಯಾಸ. ಆದರೆ ಇಲ್ಲಿ ಗಾಯ ಕಣ್ಣಿಗೆ ಕಾಣುತ್ತದೆ. ಇದರಲ್ಲಿ ಮುಖ್ಯವಾದವು ಎರಡು. ದೊಡ್ಡ ಕರುಳಿನ ಒಳಪದರ ಹುಣ್ಣಾಗಿ ರಕ್ತ ಬೀಳುವ ‘ಅಲ್ಸರೇಟಿವ್ ಕೊಲೈಟಿಸ್’ ಒಂದು. 1932ರಲ್ಲಿ ನ್ಯೂಯಾರ್ಕಿನ ಡಾ. ಕ್ರೋನ್ ಮತ್ತವರ ಇಬ್ಬರು ಸಹೋದ್ಯೋಗಿಗಳು ವಿವರಿಸಿದ ‘ಕ್ರೋನ್ಸ್ ಕಾಯಿಲೆ’ ಇನ್ನೊಂದು. ಇವು ಪಶ್ಚಿಮದವರ ರೋಗಗಳು ಎಂಬ ಭಾವನೆ ನಮ್ಮಲ್ಲಿ ಬಹಳ ಕಾಲ ಇತ್ತು. ಪಂಜಾಬಿನ ಲೂಧಿಯಾನದಲ್ಲಿ ಮನೆಮನೆಗೆ ಹೋಗಿ ನಡೆಸಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಲಕ್ಷಕ್ಕೆ 44 ಮಂದಿಗೆ ಅಲ್ಸರೇಟಿವ್ ಕೊಲೈಟಿಸ್ ಇದ್ದದ್ದು ಕಂಡುಬಂದ ಮೇಲೆ ಆ ಭಾವನೆ ಸಡಿಲವಾಯಿತು. ನಮ್ಮ ದೇಶದಲ್ಲಿ ಇನ್ನೊಂದು ತೊಡಕೂ ಉಂಟು. ಕರುಳಿನ ಕ್ಷಯ ಮತ್ತು ಕ್ರೋನ್ಸ್ ನೋಡಲು ಅವಳಿಜವಳಿಯಂತೆ. ಬಿಡಿಸಿ ಹೇಳಲು ಅನುಭವಿ ವೈದ್ಯರಿಗೂ ಕಷ್ಟ.

ಉರಿಯೂತವನ್ನು ತಗ್ಗಿಸುವ ಒಳ್ಳೆಯ ಔಷಧಿಗಳು ಈಗ ಇವೆ. ಹುಣ್ಣು ಮಾಗುತ್ತದೆ, ರಕ್ತ ನಿಲ್ಲುತ್ತದೆ, ಕೊಲೊನೊಸ್ಕೋಪಿಯಲ್ಲಿ ಕರುಳು ಗುಲಾಬಿ ಬಣ್ಣಕ್ಕೆ ತಿರುಗಿ ನಳನಳಿಸುತ್ತದೆ. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಆದರೆ ಹಾಗೆ ಕಾಯಿಲೆ ಶಮನಗೊಂಡವರಲ್ಲೂ ಸುಮಾರು ಮೂವರಲ್ಲೊಬ್ಬರಿಗೆ ಹೊಟ್ಟೆನೋವು, ಉಬ್ಬರ, ಅವಸರ ಉಳಿದೇ ಇರುತ್ತವೆ. ಬೆಂಕಿ ಆರಿದೆ, ಗಂಟೆ ಮಾತ್ರ ಹೊಡೆದುಕೊಳ್ಳುತ್ತಲೇ ಇದೆ.

ಇದರಿಂದ ಆಗುವ ತೊಂದರೆ ಸಣ್ಣದಲ್ಲ. ‘ನೋವು ಬಂತು’ ಎಂದರೆ ‘ಕಾಯಿಲೆ ಮರುಕಳಿಸಿತು’ ಎಂದು ತಿಳಿದು ಸ್ಟೀರಾಯ್ಡ್ ಏರಿಸಿದರೆ, ಬೆಳೆಯುವ ಹುಡುಗನ ಎತ್ತರಕ್ಕೂ ಎಲುಬಿಗೂ ಪೆಟ್ಟು. ಹೀಗಾಗಿ ವೈದ್ಯರು ಮಲದಲ್ಲಿ ‘ಕ್ಯಾಲ್‌ಪ್ರೊಟೆಕ್ಟಿನ್’ ಎಂಬ ಪ್ರೋಟೀನಿನ ಅಳತೆ ನೋಡುತ್ತಾರೆ. ಅದು ಬಿಳಿ ರಕ್ತಕಣಗಳಿಂದ ಬರುವಂಥದು. ಕರುಳಿನಲ್ಲಿ ಉರಿಯೂತವಿದ್ದರೆ ಏರುತ್ತದೆ, ಬರೀ ನರಗಳು ಕೆರಳಿದ್ದರೆ ಏರುವುದಿಲ್ಲ. ಇದಕ್ಕೆ ವಿರುದ್ಧವಾದದ್ದೂ ಉಂಟು. ಕರುಳಿನಲ್ಲಿ ಹುಣ್ಣುಗಳಿದ್ದರೂ ಅಂಥ ನೋವಿಲ್ಲದವರಿದ್ದಾರೆ. ನೋವಿಲ್ಲವೆಂದು ಮಾತ್ರೆ ನಿಲ್ಲಿಸುವ ಕಾಲೇಜು ಹುಡುಗರು ಈ ಸಾಲನ್ನು ಎರಡು ಸಲ ಓದಬೇಕು.

ಉರಿಯೂತ ಹೋದ ಮೇಲೂ ನರ ಏಕೆ ಕೆರಳಿರುತ್ತದೆ? ಒಂದು ಸುಳಿವು ಮೆಣಸಿನಕಾಯಿಯಿಂದ ಸಿಕ್ಕಿತು. 1997ರಲ್ಲಿ ಅಮೆರಿಕದ ಡೇವಿಡ್ ಜೂಲಿಯಸ್ ಮತ್ತವರ ತಂಡ ಮೆಣಸಿನ ಖಾರವನ್ನು ಗುರುತಿಸುವ ಪ್ರೋಟೀನನ್ನು ನರಗಳ ತುದಿಯಲ್ಲಿ ಕಂಡುಹಿಡಿಯಿತು. ಖಾರಕ್ಕೆ ತೆರೆದುಕೊಳ್ಳುವ ಈ ಬಾಗಿಲು ಸುಡುವ ಬಿಸಿಗೂ ತೆರೆದುಕೊಳ್ಳುತ್ತದೆ. ಖಾರ ತಿಂದಾಗ ಬಾಯಿ ‘ಉರಿಯುವುದು’ ಅದಕ್ಕೇ. ಈ ಕೆಲಸಕ್ಕಾಗಿ ಜೂಲಿಯಸ್ ಅವರು 2021ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಅದೇ ಬಾಗಿಲು ಕರುಳಿನ ನರಗಳಲ್ಲೂ ಇದೆ. ಉರಿಯೂತದ ರಸಗಳು ಅದರ ಅಗುಳಿಯನ್ನು ಸಡಿಲಿಸುತ್ತವೆ. ಲಂಡನ್ನಿನ ಸಂಶೋಧಕರು 2008ರಲ್ಲಿ ಐಬಿಎಸ್ ರೋಗಿಗಳ ಕರುಳಿನ ಚೂರುಗಳನ್ನು ಪರೀಕ್ಷಿಸಿದಾಗ ಇಂಥ ನರತಂತುಗಳು ಆರೋಗ್ಯವಂತರಿಗಿಂತ ಮೂರು ಪಟ್ಟಿಗೂ ಹೆಚ್ಚಿದ್ದವು. ಎರಡು ವರ್ಷಗಳ ಬಳಿಕ ಐಬಿಡಿ ಶಮನವಾಗಿಯೂ ನೋವು ಉಳಿದಿದ್ದವರನ್ನು ಪರೀಕ್ಷಿಸಿದರೆ ಅಲ್ಲೂ ಅದೇ ಚಿತ್ರ. ಹೆಸರು ಬೇರೆಯಾದ ಎರಡು ಕಾಯಿಲೆಗಳು ನೋವಿನ ದಾರಿಯಲ್ಲಿ ಒಂದಾಗುತ್ತವೆ.

ವಾಕರ್‌ಟನ್ ಊರಿನ ನೀರು

ಕೆರಳುವಿಕೆ ಹುಟ್ಟುವುದು ಹೇಗೆ ಎಂಬುದನ್ನು ಕಣ್ಣೆದುರೇ ನೋಡುವ ಅವಕಾಶ ವಿಜ್ಞಾನಕ್ಕೆ ಅಪರೂಪ. ಕೆನಡಾದ ಒಂಟಾರಿಯೊ ಪ್ರಾಂತ್ಯದ ವಾಕರ್‌ಟನ್ ಎಂಬ ಪುಟ್ಟ ಊರು ಬಹಳ ದೊಡ್ಡ ಬೆಲೆ ತೆತ್ತು ಅಂಥ ಅವಕಾಶ ಕೊಟ್ಟಿತು.

ಅಲ್ಲಿನ ಜನಸಂಖ್ಯೆ ಸುಮಾರು ಐದು ಸಾವಿರ. 2000ನೇ ಇಸವಿಯ ಮೇ ತಿಂಗಳಲ್ಲಿ ಜೋರು ಮಳೆ ಸುರಿಯಿತು. ಊರಿಗೆ ನೀರೊದಗಿಸುವ ಬಾವಿಯೊಂದರ ಪಕ್ಕದ ಜಮೀನಿನ ಸಗಣಿ ಗೊಬ್ಬರ ಮಳೆನೀರಿನೊಂದಿಗೆ ಬಾವಿಗೆ ಇಳಿಯಿತು. ಕ್ಲೋರಿನ್ ಹಾಕಿ ಅಳತೆ ನೋಡಬೇಕಾದ ಕೆಲಸ ಸರಿಯಾಗಿ ನಡೆದಿರಲಿಲ್ಲ. ಇ. ಕೋಲಿಯ ಅಪಾಯಕಾರಿ ತಳಿ ಮತ್ತು ಕ್ಯಾಂಪಿಲೋಬ್ಯಾಕ್ಟರ್ ಎಂಬ ರೋಗಾಣು ನಲ್ಲಿಯಲ್ಲಿ ಹರಿದವು. ಏಳು ಮಂದಿ ಸತ್ತರು. 2,300ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದರು.

ಸತ್ತವರ ಸುದ್ದಿ ಲೋಕಕ್ಕೆಲ್ಲ ತಿಳಿಯಿತು. ಬದುಕಿ ಉಳಿದವರ ಕತೆಯನ್ನು ಬಿಡದೆ ಹಿಂಬಾಲಿಸಿದವರು ವೈದ್ಯರು. ಎರಡು-ಮೂರು ವರ್ಷಗಳ ನಂತರ ವಿಚಾರಿಸಿದಾಗ, ಅಂದು ವಾಂತಿಭೇದಿಯಾಗದೆ ಪಾರಾದ ಊರಿನವರಲ್ಲಿ ಐಬಿಎಸ್ ಇದ್ದದ್ದು ನೂರಕ್ಕೆ 10 ಮಂದಿಗೆ. ವೈದ್ಯಕೀಯ ದಾಖಲೆಯಿರುವಷ್ಟು ಕಾಯಿಲೆ ಬಿದ್ದಿದ್ದವರಲ್ಲಿ ನೂರಕ್ಕೆ 36! ಮಕ್ಕಳಲ್ಲಿ ಈ ಪ್ರಮಾಣ ಕಡಿಮೆ. ಆದರೂ ಕಾಯಿಲೆ ಬಿದ್ದ ಮಕ್ಕಳಲ್ಲಿ ನೂರಕ್ಕೆ 10.5, ಬೀಳದವರಲ್ಲಿ 2.5. ರೋಗಾಣು ಹೋಗಿ ವರ್ಷಗಳೇ ಕಳೆದಿದ್ದವು. ಭೇದಿ ಒಂದು ವಾರಕ್ಕೂ ಹೆಚ್ಚು ದಿನ ಹಿಡಿದಿದ್ದವರಿಗೆ, ರಕ್ತ ಬಿದ್ದಿದ್ದವರಿಗೆ ಈ ಪಾಡು ಹೆಚ್ಚು. ಒಂದು ಸಮಾಧಾನವೆಂದರೆ ಎಂಟು ವರ್ಷಗಳ ಹೊತ್ತಿಗೆ ಅನೇಕರ ಕರುಳು ತಾನಾಗಿ ಶಾಂತವಾಗಿತ್ತು, ಆದರೆ ಎಲ್ಲರದಲ್ಲ.

ನಮ್ಮಲ್ಲಿ ‘ಕಲುಷಿತ ನೀರು ಸೇವಿಸಿ ಅಸ್ವಸ್ಥ’ ಎಂಬ ತಲೆಬರಹ ಬೇಸಿಗೆ-ಮಳೆಗಾಲಗಳಲ್ಲಿ ಹೊಸತೇನಲ್ಲ. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಇಂಥದೇ ನೀರಿನಿಂದ ಜೀವಗಳು ಹೋದವು. ಇಂಥ ಸುದ್ದಿಗಳೆಲ್ಲ ಸಾಮಾನ್ಯವಾಗಿ ‘ಉಳಿದವರು ಗುಣಮುಖರಾಗಿ ಮನೆಗೆ ಮರಳಿದ್ದಾರೆ’ ಎಂಬಲ್ಲಿಗೆ ನಿಲ್ಲುತ್ತವೆ. ವಾಕರ್‌ಟನ್‌ನ ಲೆಕ್ಕ ನೋಡಿದರೆ, ಗುಣಮುಖ ಎಂಬ ಪದವನ್ನು ಅಷ್ಟು ಬೇಗ ಬರೆಯಬಾರದು ಅನ್ನಿಸುತ್ತದೆ.

ಪಹರೆಯವರ ನೆನಪು

ರೋಗಾಣು ಬಿಟ್ಟುಹೋದ ಗುರುತು ಯಾವುದು? 2004ರಲ್ಲಿ ಇಟಲಿಯ ಬೊಲೊನ್ಯಾ ನಗರದ ಸಂಶೋಧಕರು ಐಬಿಎಸ್ ರೋಗಿಗಳ ಕರುಳಿನ ಪದರವನ್ನು ಸೂಕ್ಷ್ಮದರ್ಶಕದಡಿ ನೋಡಿದರು. ‘ಮಾಸ್ಟ್ ಕೋಶ’ಗಳೆಂಬ ರಕ್ಷಣಾ ಕೋಶಗಳು ನರಗಳ ತುದಿಗೆ ಒತ್ತಿಕೊಂಡಂತೆ ಕೂತಿದ್ದವು. ಅವು ಎಷ್ಟು ಹತ್ತಿರವಿದ್ದವೋ ರೋಗಿಯ ನೋವು ಅಷ್ಟು ಹೆಚ್ಚಿತ್ತು. ಮಾಸ್ಟ್ ಕೋಶಗಳ ಹೊಟ್ಟೆಯಲ್ಲಿರುವುದು ಹಿಸ್ಟಮಿನ್. ಚರ್ಮದ ಮೇಲೆ ಪಿತ್ತಗಂಧೆ ಎದ್ದು ತುರಿಸುವುದೂ ಇದೇ ವಸ್ತುವಿನಿಂದ. ಕರುಳಿನೊಳಗೆ ಅದು ಮೆಣಸಿನ ಬಾಗಿಲಿನ ಅಗುಳಿಯನ್ನು ಸಡಿಲಿಸುತ್ತದೆ.

ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಗೀ ಬೂಕ್‌ಸ್ಟಾನ್ಸ್ ಅವರ ತಂಡ 2021ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಇಲಿಗಳಿಗೆ ಕರುಳಿನ ಸೋಂಕು ತಗುಲಿಸಿ, ಅದೇ ಹೊತ್ತಿನಲ್ಲಿ ಮೊಟ್ಟೆಯ ಬಿಳಿಯ ಪ್ರೋಟೀನು ತಿನ್ನಿಸಿದರು. ಸೋಂಕು ವಾಸಿಯಾದ ಮೇಲೆ ಮತ್ತೆ ಅದೇ ಪ್ರೋಟೀನು ಕೊಟ್ಟರೆ ಇಲಿಗೆ ಹೊಟ್ಟೆನೋವು! ಸೋಂಕಿಲ್ಲದೆ ತಿಂದ ಇಲಿಗಳಿಗೆ ಏನೂ ಇಲ್ಲ. ಗಲಾಟೆಯ ದಿನ ಅಲ್ಲೇ ಇದ್ದ ಅಮಾಯಕನನ್ನೂ ಪೊಲೀಸರು ಪಟ್ಟಿಗೆ ಸೇರಿಸಿದಂತೆ, ಸೋಂಕಿನ ವೇಳೆ ಹೊಟ್ಟೆಯಲ್ಲಿದ್ದ ಆಹಾರದ ಹೆಸರನ್ನು ಕರುಳಿನ ಪಹರೆಯವರು ಬರೆದಿಟ್ಟುಕೊಂಡಿದ್ದರು. ಆಮೇಲೆ 12 ಮಂದಿ ಐಬಿಎಸ್ ರೋಗಿಗಳ ಕರುಳಿನ ಗೋಡೆಗೆ ಗೋಧಿ, ಹಾಲು, ಸೋಯಾ ಮುಂತಾದವುಗಳ ಸಾರವನ್ನು ಸೂಜಿಯಿಂದ ಚುಚ್ಚಿ ನೋಡಲಾಯಿತು. 12 ಮಂದಿಗೂ ಯಾವುದಾದರೊಂದಕ್ಕೆ ಅಲ್ಲಿ ಊತ ಬಂತು. ಆರೋಗ್ಯವಂತ 8 ಮಂದಿಯಲ್ಲಿ ಹಾಗಾದದ್ದು ಇಬ್ಬರಿಗೆ ಮಾತ್ರ. ಸಂಖ್ಯೆ ಚಿಕ್ಕದು, ಇದೇ ಕೊನೆಯ ಮಾತೂ ಅಲ್ಲ. ಆದರೆ ‘ಆ ಜಾಂಡೀಸ್ ಬಂದು ಹೋದಾಗಿನಿಂದ’, ‘ಆ ಟೈಫಾಯ್ಡ್ ಆದಾಗಿನಿಂದ ಇವಳಿಗೆ ಹೊಟ್ಟೆ ಸರಿಯಿಲ್ಲ’ ಎಂದು ಹೇಳುವ ತಾಯಂದಿರ ಮಾತನ್ನು ವೈದ್ಯರು ಇನ್ನು ಮೇಲೆ ಸ್ವಲ್ಪ ನಿಂತು ಕೇಳುವುದಕ್ಕೆ ಇಷ್ಟು ಸಾಕು.

ಮೇಲಿನಿಂದ ಬರುವ ಅಪ್ಪಣೆ

ಕರುಳಿನ ಗೋಡೆಯಲ್ಲಿ 10 ಕೋಟಿಗೂ ಹೆಚ್ಚು ನರಕೋಶಗಳಿವೆಯೆಂದು ಅಂದಾಜು. ಆದರೂ ಮಿದುಳಿನ ಮಾತು ಕರುಳಿಗೆ, ಕರುಳಿನ ಮಾತು ಮಿದುಳಿಗೆ ಹೋಗುತ್ತಲೇ ಇರುತ್ತದೆ. ಕನ್ನಡಕ್ಕೆ ಇದು ಮೊದಲೇ ಗೊತ್ತಿತ್ತೇನೋ. ಮಗನ ಕಷ್ಟ ಕೇಳಿ ತಾಯಿಗೆ ಕರುಳು ಚುರುಕ್ಕೆನ್ನುತ್ತದೆ. ಪಕ್ಕದವರ ಹೊಸ ಕಾರು ಕಂಡರೆ ಹೊಟ್ಟೆ ಉರಿಯುತ್ತದೆ.

ನ್ಯೂಯಾರ್ಕಿನ ಡಾ. ಥಾಮಸ್ ಆಮಿ ಎಂಬವರು 1940ರ ದಶಕದಲ್ಲಿ ಒತ್ತಡಕ್ಕೂ ಕರುಳಿಗೂ ಇರುವ ನಂಟನ್ನು ಪರೀಕ್ಷಿಸುತ್ತಿದ್ದರು. ಸ್ವಯಂಸೇವಕನಾಗಿ ಬಂದಿದ್ದ ವೈದ್ಯಕೀಯ ವಿದ್ಯಾರ್ಥಿಯೊಬ್ಬನ ದೊಡ್ಡ ಕರುಳನ್ನು ಕೊಳವೆಯ ಮೂಲಕ ನೋಡುತ್ತಾ, ಅಲ್ಲಿ ಕ್ಯಾನ್ಸರ್ ಕಾಣುತ್ತಿದೆ ಎಂದು ಅವನನ್ನು ನಂಬಿಸಲಾಯಿತು. ವೈದ್ಯರ ಕಣ್ಣೆದುರೇ ಕರುಳು ಬಿಗಿಯಾಗಿ ಹಿಂಡಿಕೊಳ್ಳತೊಡಗಿತು. ಸುಳ್ಳೆಂದು ತಿಳಿಸಿದ ಮೇಲಷ್ಟೇ ಸಡಿಲವಾಯಿತು. ಇಂದು ಇಂಥ ಪ್ರಯೋಗಕ್ಕೆ ಯಾವ ನೀತಿ ಸಮಿತಿಯೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು. ಆದರೆ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ಬೆಳಿಗ್ಗೆ ಮೂರು ಸಲ ಪಾಯಿಖಾನೆಗೆ ಓಡುವ ಹುಡುಗನ ಕರುಳಿನಲ್ಲಿ ಏನು ನಡೆಯುತ್ತದೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಚಿತ್ರ ಸಿಗದು. ಅವನು ನಟಿಸುತ್ತಿಲ್ಲ. ಹಾಗೆಂದು ಎಲ್ಲವೂ ‘ಟೆನ್ಷನ್’ ಎಂದುಬಿಡುವುದೂ ಸರಿಯಲ್ಲ. ಮೊದಲೇ ಕೆರಳಿದ ನರದ ಮೇಲೆ ಒತ್ತಡ ತುಪ್ಪ ಸುರಿಯುತ್ತದೆ, ಅಷ್ಟೆ.

ಬ್ರಿಸ್ಟಲ್‌ನ ಮಕ್ಕಳು, ನ್ಯಾಶ್‌ವಿಲ್‌ನ ತಾಯ್ತಂದೆಯರು

ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮಕ್ಕಳ ವೈದ್ಯ ಡಾ. ಜಾನ್ ಆಪ್ಲಿ ಅವರು ಸಾವಿರ ಶಾಲಾಮಕ್ಕಳನ್ನು ಪರೀಕ್ಷಿಸಿ 1958ರಲ್ಲಿ ಪ್ರಕಟಿಸಿದ ವರದಿ ಇಂದಿಗೂ ಪಠ್ಯಪುಸ್ತಕಗಳಲ್ಲಿದೆ. ಆಟಪಾಠಕ್ಕೆ ಅಡ್ಡಿಯಾಗುವಂಥ ಹೊಟ್ಟೆನೋವು ಮೂರು ತಿಂಗಳಲ್ಲಿ ಮೂರು ಸಲವಾದರೂ ಬಂದ ಮಕ್ಕಳು ಹತ್ತರಲ್ಲಿ ಒಬ್ಬರಿದ್ದರು. ಅಂಥವರಲ್ಲಿ ಗುರುತಿಸಬಹುದಾದ ದೈಹಿಕ ದೋಷ ಸಿಕ್ಕಿದ್ದು ಬಹಳ ಕಡಿಮೆ ಮಂದಿಯಲ್ಲಿ. ನೋವು ಹೊಕ್ಕಳಿನಿಂದ ದೂರ ಹೋದಷ್ಟೂ ಒಳಗೆ ನಿಜವಾದ ರೋಗವಿರುವ ಸಂಭವ ಹೆಚ್ಚು ಎಂಬ ಅವರ ಸೂತ್ರವನ್ನು ಮಕ್ಕಳ ವೈದ್ಯರು ಇನ್ನೂ ಹೇಳುತ್ತಾರೆ. ಅದಕ್ಕೆ ಅಪವಾದಗಳೂ ಇವೆ.

ಇಂಥ ಮಗುವಿನ ಜೊತೆ ಮನೆಯವರು ಹೇಗಿರಬೇಕು? ಅಮೆರಿಕದ ನ್ಯಾಶ್‌ವಿಲ್‌ನಲ್ಲಿರುವ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಲಿನ್ ವಾಕರ್ ಅವರು 2006ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಮುಖ್ಯ. ಮಕ್ಕಳಿಗೆ ಹೊಟ್ಟೆ ಬಿರಿಯುವಂತೆ ನೀರು ಕುಡಿಸಲಾಯಿತು. ನಂತರ ಪಕ್ಕದಲ್ಲಿ ಅಮ್ಮನೋ ಅಪ್ಪನೋ ಕೂರಬೇಕು. ಒಂದು ಗುಂಪಿನ ಪೋಷಕರಿಗೆ ಮಗುವಿನ ಹೊಟ್ಟೆಯ ಬಗ್ಗೆಯೇ ಅಕ್ಕರೆಯಿಂದ ವಿಚಾರಿಸುವಂತೆ ಹೇಳಲಾಗಿತ್ತು. ಇನ್ನೊಂದು ಗುಂಪಿಗೆ ಮಾತನ್ನು ಬೇರೆ ಕಡೆಗೆ ತಿರುಗಿಸಬೇಕೆಂದು ಸೂಚನೆ. ಮೂರನೆಯ ಗುಂಪಿಗೆ ಯಾವ ಸೂಚನೆಯೂ ಇಲ್ಲ. ಈ ಮೂರನೆಯದಕ್ಕೆ ಹೋಲಿಸಿದರೆ, ವಿಚಾರಿಸಿದಲ್ಲಿ ಮಕ್ಕಳ ದೂರುಗಳು ಹೆಚ್ಚುಕಡಿಮೆ ಎರಡರಷ್ಟಾದವು. ಮಾತು ತಿರುಗಿಸಿದಲ್ಲಿ ಅರ್ಧಕ್ಕಿಳಿದವು.

ಸೋಜಿಗ ಇರುವುದು ಮುಂದಿನ ಭಾಗದಲ್ಲಿ. ಹೊಟ್ಟೆನೋವಿನ ಮಕ್ಕಳ ತಂದೆತಾಯಂದಿರು, ಹೀಗೆ ಮಾತು ತಿರುಗಿಸುವುದೇ ಮಗುವಿಗೆ ಹೆಚ್ಚು ಹಾನಿ ಎಂದು ತಿಳಿದಿದ್ದರು. ಮಕ್ಕಳನ್ನು ಕೇಳಿದರೆ, ಮಾತು ತಿರುಗಿಸಿದ ಅಪ್ಪ ಅಮ್ಮಂದಿರಿಂದಲೇ ತಮಗೆ ಹಾಯೆನಿಸಿತು ಎಂದರು. ‘ಈಗ ಹೇಗಿದೆ ಪುಟ್ಟ? ಇನ್ನೂ ನೋಯ್ತಿದೆಯಾ?’ ಎಂದು ಹತ್ತು ನಿಮಿಷಕ್ಕೊಮ್ಮೆ ಕೇಳುವುದು ಪ್ರೀತಿಯೇ. ಆದರೆ ಪ್ರತಿ ಪ್ರಶ್ನೆಯೂ ಮಗುವಿನ ಗಮನವನ್ನು ಮತ್ತೆ ಹೊಟ್ಟೆಗೇ ಎಳೆದು ತರುತ್ತದೆ. ಗದರಿಸಿ ‘ನಾಟಕ’ ಎನ್ನುವುದಂತೂ ಇನ್ನೂ ಕೆಟ್ಟದ್ದು. ತನ್ನ ನೋವು ನಿಜವೆಂದು ರುಜುವಾತು ಮಾಡುವ ಹೊರೆ ಮಗುವಿನ ಮೇಲೆ ಬೀಳುತ್ತದೆ. ‘ನೋವಿದೆ, ಗೊತ್ತು. ಅಪಾಯವಿಲ್ಲ, ಅದೂ ಗೊತ್ತು. ಬಾ, ಚೌಕಾಬಾರ ಆಡೋಣ’ ಎನ್ನುವುದು ಇವೆರಡರ ನಡುವಿನ ದಾರಿ. ಸಾಧ್ಯವಾದಷ್ಟೂ ಶಾಲೆ ತಪ್ಪಿಸಬಾರದು.

ಶಾಲೆಯ ಮಾತು ಬಂದಾಗ ಒಂದು ವಿಷಯ ಹೇಳಲೇಬೇಕು. ಬೀಗ ಹಾಕಿದ, ನೀರಿಲ್ಲದ, ಚಿಲಕವಿಲ್ಲದ ಶೌಚಾಲಯಕ್ಕೆ ಹೆದರಿ ಬೆಳಗಿನಿಂದ ಸಂಜೆಯವರೆಗೆ ತಡೆದುಕೊಳ್ಳುವ ಮಕ್ಕಳು, ಅದರಲ್ಲೂ ಹುಡುಗಿಯರು, ಎಷ್ಟೋ ಮಂದಿ. ಮಲ ಒಣಗಿ ಗಟ್ಟಿಯಾಗಿ ಕರುಳನ್ನು ಹಿಗ್ಗಿಸುತ್ತದೆ. ಹಿಗ್ಗಿದರೆ ನೋವು. ಇಂಥ ಹೊಟ್ಟೆನೋವಿಗೆ ಸ್ಕ್ಯಾನಿಂಗ್‌ಗಿಂತ ಮೊದಲು ಬೇಕಾಗಿರುವುದು ಒಂದು ಬಕೆಟ್ ನೀರು ಮತ್ತು ಒಂದು ಚಿಲಕ.

ಸುಮ್ಮನಿರಬಾರದ ಸಮಯ

ಇಷ್ಟು ಓದಿ ಎಲ್ಲ ಹೊಟ್ಟೆನೋವೂ ನರದ್ದೇ ಎಂದುಕೊಂಡರೆ ಅನಾಹುತ. ಮಗುವಿನ ತೂಕ ಇಳಿಯುತ್ತಿದ್ದರೆ, ಎತ್ತರ ನಿಂತುಹೋಗಿದ್ದರೆ, ಮಲದಲ್ಲಿ ರಕ್ತ ಕಂಡರೆ, ನೋವು ಅಥವಾ ಭೇದಿ ನಿದ್ದೆಯಿಂದ ಎಬ್ಬಿಸುತ್ತಿದ್ದರೆ, ವಾಂತಿ ನಿಲ್ಲದಿದ್ದರೆ ಅಥವಾ ಹಸಿರು ಬಣ್ಣಕ್ಕಿದ್ದರೆ, ಕಾರಣವಿಲ್ಲದೆ ಜ್ವರ ಬರುತ್ತಿದ್ದರೆ, ಕೀಲು ಊದಿದರೆ, ಬಾಯಲ್ಲಿ ಪದೇಪದೇ ಹುಣ್ಣಾದರೆ, ಗುದದ್ವಾರದ ಬಳಿ ಕೀವು ಸೋರಿದರೆ, ಮನೆಯಲ್ಲಿ ಯಾರಿಗಾದರೂ ಐಬಿಡಿ ಇದ್ದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಬೇಕು. ನೋವು ಒಂದೇ ಕಡೆ, ಅದರಲ್ಲೂ ಬಲಗಡೆ ಕೆಳಗೆ, ನಿಂತುಬಿಟ್ಟರೆ ಅಂದೇ ತೋರಿಸಬೇಕು. ಇವು ಯಾವುವೂ ಇಲ್ಲದೆ, ಮಗು ಚೆನ್ನಾಗಿ ಬೆಳೆಯುತ್ತಿದ್ದು, ಮೊದಲ ಪರೀಕ್ಷೆಗಳು ಸರಿಯಿದ್ದರೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಫೈಲು ಹೊತ್ತು ಅಲೆಯುವುದರಿಂದ ಲಾಭವಿಲ್ಲ.

ನರವನ್ನು ತಣಿಸುವುದು

ಚಿಕಿತ್ಸೆಯಲ್ಲಿ ಮೊದಲು ಎಲ್ಲರ ಗಮನ ಹೋಗುವುದು ಊಟದ ಕಡೆಗೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಡಲೆ, ಅವರೆ ಮುಂತಾದವುಗಳಲ್ಲಿರುವ ಕೆಲವು ಸಕ್ಕರೆಗಳು ಪೂರ್ತಿ ಜೀರ್ಣವಾಗದೆ ದೊಡ್ಡ ಕರುಳು ಸೇರಿ, ಅಲ್ಲಿನ ಬ್ಯಾಕ್ಟೀರಿಯಾಗಳಿಂದ ಹುದುಗಿ ಗ್ಯಾಸ್ ಆಗುತ್ತವೆ. ಇವುಗಳಿಗೆ ‘ಫಾಡ್‌ಮ್ಯಾಪ್’ ಎಂದು ಹೆಸರು. ಇವನ್ನು ಕಡಿಮೆ ಮಾಡುವ ಊಟದ ಕ್ರಮವನ್ನು ರೂಪಿಸಿದ್ದು ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ತಂಡ. ಗಮನಿಸಬೇಕಾದದ್ದೆಂದರೆ, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಎಂ.ಆರ್.ಐ. ಇಟ್ಟು ನೋಡಿ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐಬಿಎಸ್ ಇದ್ದವರಿಗೂ ಇಲ್ಲದವರಿಗೂ ಗ್ಯಾಸ್ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟಿತ್ತು. ನೋವು ಮಾತ್ರ ಐಬಿಎಸ್‌ನವರಿಗೆ ಹೆಚ್ಚು. ತಪ್ಪು ಅವರೆಕಾಳಿನದಲ್ಲ. ಕೆಲವು ವಾರ ಬಿಟ್ಟು ನೋಡಿ, ಒಂದೊಂದನ್ನೇ ಮತ್ತೆ ಸೇರಿಸಿಕೊಂಡು, ಆಗದ್ದನ್ನಷ್ಟೇ ಕಡಿಮೆ ಮಾಡುವುದು ಕ್ರಮ. ಬೆಳೆಯುವ ಮಕ್ಕಳಿಗೆ ಬೇಳೆ-ಹಾಲು ಎಲ್ಲವನ್ನೂ ವರ್ಷಗಟ್ಟಲೆ ಬಿಡಿಸುವುದು ಬೇರೊಂದು ಕಾಯಿಲೆಗೆ ದಾರಿ. ಆಹಾರತಜ್ಞರ ಸಲಹೆ ಬೇಕು.

ಔಷಧಿಗಳಲ್ಲಿ, ಖಿನ್ನತೆಗೆ ಕೊಡುತ್ತಿದ್ದ ಹಳೆಯ ಅಮಿಟ್ರಿಪ್ಟಿಲಿನ್ ಅನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಕೊಟ್ಟರೆ ನೋವಿನ ನರಗಳು ತಣಿಯುತ್ತವೆಂದು 463 ವಯಸ್ಕರ ಮೇಲೆ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗ 2023ರಲ್ಲಿ ತೋರಿಸಿತು. ಆದರೆ 2009ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದರಲ್ಲಿ ಮಕ್ಕಳಿಗೆ ಅದು ಔಷಧವಿಲ್ಲದ ಹುಸಿಗುಳಿಗೆಗಿಂತ ಹೆಚ್ಚಿನ ಗುಣ ಕೊಡಲಿಲ್ಲ. ದೊಡ್ಡವರ ಮಾತ್ರೆಯನ್ನು ಮುರಿದು ಮಕ್ಕಳಿಗೆ ಕೊಡುವಂತಿಲ್ಲ.

ಮಕ್ಕಳಿಗೆ ಹೆಚ್ಚು ಫಲ ಕೊಟ್ಟಿರುವುದು ಮಾತ್ರೆಯಲ್ಲ. ಅಮೆರಿಕದಲ್ಲಿ 200 ಮಕ್ಕಳನ್ನೂ ಅವರ ಪೋಷಕರನ್ನೂ ಸೇರಿಸಿಕೊಂಡ 2010ರ ಅಧ್ಯಯನದಲ್ಲಿ, ನೋವನ್ನು ನಿಭಾಯಿಸುವ ಬಗೆಯನ್ನು ಮಕ್ಕಳಿಗೂ, ಅದಕ್ಕೆ ಸ್ಪಂದಿಸುವ ಬಗೆಯನ್ನು ಪೋಷಕರಿಗೂ ಮೂರೇ ಭೇಟಿಗಳಲ್ಲಿ ಕಲಿಸಿದ್ದರಿಂದ ಮಕ್ಕಳ ನೋವು ತಗ್ಗಿತು. ಇನ್ನೊಂದು ಕರುಳಿಗಾಗಿಯೇ ರೂಪಿಸಿದ ಸಂಮೋಹನ ಚಿಕಿತ್ಸೆ. ಹೆಸರು ಕೇಳಿ ಜಾದೂಗಾರನ ನೆನಪಾಗಬೇಕಿಲ್ಲ. ಕಣ್ಣು ಮುಚ್ಚಿ, ಉಸಿರು ನಿಧಾನವಾಗಿಸಿ, ತನ್ನ ಹೊಟ್ಟೆ ಬೆಚ್ಚಗೆ, ಹಗುರವಾಗಿ ಇರುವುದನ್ನು ಕಲ್ಪಿಸಿಕೊಳ್ಳಲು ಮಗುವಿಗೆ ಕಲಿಸುವುದು, ಅಷ್ಟೆ. ಮ್ಯಾಂಚೆಸ್ಟರಿನ ಡಾ. ಪೀಟರ್ ವೋರ್ವೆಲ್ ಅವರು 1984ರಲ್ಲಿ ಮೊದಲು 30 ಮಂದಿ ವಯಸ್ಕರ ಮೇಲೆ ಇದರ ಗುಣ ತೋರಿಸಿದಾಗ ಹುಬ್ಬೇರಿಸಿದವರೇ ಹೆಚ್ಚು. ಹಾಲೆಂಡಿನಲ್ಲಿ 8ರಿಂದ 18 ವರ್ಷದ 53 ಮಕ್ಕಳ ಮೇಲೆ ಮಾಡಿದ ಪ್ರಯೋಗ 2007ರಲ್ಲಿ ಹೊರಬಂತು. ಒಂದು ವರ್ಷದ ನಂತರ ಸಂಮೋಹನ ಪಡೆದವರಲ್ಲಿ ನೂರಕ್ಕೆ 85 ಮಂದಿಗೆ ಗುಣ. ಮಾಮೂಲು ಚಿಕಿತ್ಸೆಯಲ್ಲಿ ನೂರಕ್ಕೆ 25. ಸುಮಾರು ಐದು ವರ್ಷ ಕಳೆದ ಮೇಲೂ ಅಂತರ ಉಳಿದಿತ್ತು: 68 ಮತ್ತು 20.

ತರಬೇತಾದ ಚಿಕಿತ್ಸಕರು ಎಲ್ಲ ಊರಲ್ಲೂ ಸಿಗುವುದಿಲ್ಲವಲ್ಲ? ಡಚ್ಚರೂ ಅದನ್ನೇ ಯೋಚಿಸಿ, ಅದೇ ಅಭ್ಯಾಸಗಳನ್ನು ಒಂದು ಸಿ.ಡಿ.ಯಲ್ಲಿ ಮುದ್ರಿಸಿ ಮಕ್ಕಳ ಮನೆಗೆ ಕೊಟ್ಟರು. 2017ರ ವರದಿಯ ಪ್ರಕಾರ, ಒಂದು ವರ್ಷದ ಬಳಿಕ ಚಿಕಿತ್ಸಕರ ಬಳಿ ಹೋದ ಮಕ್ಕಳಲ್ಲಿ ನೂರಕ್ಕೆ 71, ಮನೆಯಲ್ಲೇ ಸಿ.ಡಿ. ಕೇಳಿದವರಲ್ಲಿ ನೂರಕ್ಕೆ 62 ಮಂದಿಯ ನೋವು ಅರ್ಧಕ್ಕೆ ಅಥವಾ ಅದಕ್ಕೂ ಕೆಳಗೆ ಇಳಿದಿತ್ತು. ಕನ್ನಡದ ಮಕ್ಕಳಿಗೆ ಕನ್ನಡದಲ್ಲೇ ಇಂಥದೊಂದು ಧ್ವನಿಮುದ್ರಿಕೆ ಮಾಡಲು ದೊಡ್ಡ ಯಂತ್ರಗಳೇನೂ ಬೇಡ. ಮಕ್ಕಳ ಉದರತಜ್ಞರೊಬ್ಬರು, ಮನಶ್ಶಾಸ್ತ್ರಜ್ಞರೊಬ್ಬರು, ಜೊತೆಗೆ ಮಲಗುವ ಹೊತ್ತಿನಲ್ಲಿ ಕತೆ ಹೇಳಬಲ್ಲ ಒಂದು ದನಿ ಬೇಕು.